ಬಿಸಿಗೆ ಒಂಟಿ, ತಂಪಿಗೆ ಜೋಡಿ

ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನ ಅಟೆಂಡರನನ್ನು ಎಲ್ಲರೂ ರೇಡಿಯೊ ಎಂದೇ ಕರೆಯುತ್ತಿದ್ದರು. ಪ್ರಿನ್ಸಿಪಾಲರ ಕೆಮ್ಮಿನಿಂದ ಹಿಡಿದು ತುಕ್ಕು ಹಿಡಿದ ಬೀರುವಿನ ಕಿರುಗುಟ್ಟುವಿಕೆಯವರೆಗೆ ಅವನ ಗಂಟಲಿಗೆ ಬಾರದ ಸದ್ದಿರಲಿಲ್ಲ. ಮೂರು ತಿಂಗಳ ಹಿಂದೆ, ಹೆಂಡತಿ ತನ್ನ ತಾಯಿ ತೀರಿಕೊಂಡಾಗ ಹೇಗೆ ಬಿಕ್ಕಿದಳೆಂದು ನೆಂಟರೆದುರು ಮಾಡಿ ತೋರಿಸಿದ್ದ. ನೆಂಟರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮರುದಿನ ಅಕ್ಕನ ಮನೆಗೆ ಹೋದವಳು ಮರಳಲಿಲ್ಲ, ಫೋನನ್ನೂ ಎತ್ತಲಿಲ್ಲ.

ಆ ಮಧ್ಯಾಹ್ನ ಖಾಲಿ ಲ್ಯಾಬಿನಲ್ಲಿ ಅವನು ನಾಳಿನ ಪಾಠದ ಗಾಜಿನ ಕೊಳವೆಯನ್ನು ಪರೀಕ್ಷಿಸುತ್ತಿದ್ದ. ತುದಿ ಕರಗಿಸಿ ಮುಚ್ಚಿದ ಕೊಳವೆ, ಒಳಗೆ ಕಂದು ಅನಿಲ. ಬಿಸಿನೀರಿಗೆ ಇಳಿಸಿದರೆ ಕಂದು ಗಾಢವಾಯಿತು, ಐಸಿಗಿಟ್ಟರೆ ತೆಳುವಾಯಿತು. ಮತ್ತೆ ಬಿಸಿನೀರು, ಮತ್ತೆ ಕಂದು. ಎಷ್ಟು ಸಲ ಹೋಗಿಬಂದರೂ ಕೊಳವೆಗೆ ಬೇಸರವಿಲ್ಲ. ಅವನಿಗೆ ತಡೆಯಲಾಗಲಿಲ್ಲ, ಹೆಂಡತಿಗೆ ಫೋನು ಮಾಡಿದ. ಇವತ್ತು ಎತ್ತಿದಳು!

ಗಾಬರಿಗೆ ಬಾಯಿಂದ ಬಂದದ್ದು ಕೆಮಿಸ್ಟ್ರಿ ಮೇಡಮ್ಮಿನ ಮೂಗುದನಿ. "ಡಿಯರ್ ಸ್ಟೂಡೆಂಟ್ಸ್, ಈ ಗಾಜಿನ ಕೊಳವೆಯೊಳಗಿನ ಅನಿಲ ಬಿಸಿಯಾದ್ರೆ ಕಣಗಳು ಜೋಡಿ ಬಿಡುತ್ವೆ, ಒಂಟಿಯಾದವು ಕಂದು. ತಣ್ಣಗಾದ್ರೆ ಕೂಡ್ಕೊಳ್ತವೆ, ಬಣ್ಣ ಹೋಗುತ್ತೆ. ಸುಮ್ನೆ ಕೂತ ಹಾಗೆ ಕಂಡ್ರೂ ಒಳಗೆ ಬಿಡೋದು, ಕೂಡೋದು ಎರಡೂ ನಡೀತಾನೇ ಇರುತ್ತೆ."

"ಕೊಳವೆ ಒಡೆದ್ರೆ?" ಅವಳು ಕೇಳಿದಳು.

ಅವನು ಪ್ರಿನ್ಸಿಪಾಲರ ಹಾಗೆ ಕೆಮ್ಮಿದ. "ಆಗ ಗಾಳಿಪಾಲು. ವಾಪಸ್ ಬರೋಕೆ ಒಳಗೆ ಏನೂ ಉಳಿದಿರಲ್ಲ."

"ಮೇಡಮ್ಮೂ ಬೇಡ, ಪ್ರಿನ್ಸಿಪಾಲರೂ ಬೇಡ. ನೀವು ಯಾಕ್ರೀ ಫೋನ್ ಮಾಡಿದ್ದು?"

ಅವನು ಗಂಟಲಿನಲ್ಲಿ ತಡಕಾಡಿದ. ಜವಾನ, ಗುಮಾಸ್ತ, ಪಕ್ಕದ ಮನೆಯ ಮುದುಕ, ಎಲ್ಲರೂ ನಾನು ತಾನೆಂದು ಮುನ್ನುಗ್ಗಿದರು. ಎಲ್ಲರನ್ನೂ ಹಿಂದೆ ತಳ್ಳಿದ ಮೇಲೆ ಹೊರಟದ್ದು ತೆಳ್ಳಗಿನ, ಒಣಕಲು ಸದ್ದು.

"ಅವತ್ತು ನಾನು ಮಾಡಿದ್ದು ತಪ್ಪು ಕಣೇ. ಮನೇಲಿ ಇರೋಕಾಗ್ತಿಲ್ಲ. ಬಾ."

"ಇದು ಯಾರ ದನಿ?"

"ನಂದೇ."

ಆ ಕಡೆಯಿಂದ ನಗು ಬರಲಿಲ್ಲ. "ಇದನ್ನ ನಾನು ಕೇಳೇ ಇರ್ಲಿಲ್ಲ. ಈಗ್ಲೇ ಬರಲ್ಲ. ನಾಳೆನೂ ಇದ್ರಲ್ಲೇ ಮಾತಾಡಿ, ನೋಡೋಣ" ಎಂದು ಫೋನಿಟ್ಟಳು.

ಸಂಜೆ ಮನೆಯ ಬೀಗ ತೆಗೆದು ಹೊಸ್ತಿಲಲ್ಲೇ ನಿಂತ. "ನಾನು ಬಂದೆ" ಎಂದ. ಗುಮಾಸ್ತನ ದನಿ ಬೆರೆತಂತಿತ್ತು. ಗಂಟಲು ಸರಿಮಾಡಿಕೊಂಡು ಖಾಲಿ ಮನೆಗೆ ಮತ್ತೊಮ್ಮೆ ಹೇಳಿದ.