ನಲ್ಲಿ ಪೈಪಿಗೆ ಕಟ್ಟಿದ ತಂತಿ

ಗಂಡನ ದನಿ ಕೇಳಬೇಕೆಂದರೆ ಅವಳು ಸಂಜೆಯವರೆಗೆ ಕಾಯಬೇಕು. ಅವನು ದೂರದ ದ್ವೀಪದ ಹವಾಮಾನ ಕೇಂದ್ರದಲ್ಲಿ ಕೆಲಸಕ್ಕಿದ್ದ. ಅವಳು ಮೂರನೇ ಮಹಡಿಯ ಎರಡು ಕೋಣೆಯ ಮನೆಯಲ್ಲಿ ಬಟ್ಟೆ ಹೊಲಿಯುತ್ತಿದ್ದಳು. ದ್ವೀಪದಲ್ಲಿದ್ದ ಒಂದೇ ಒಂದು ಫೋನು ಕಚೇರಿಯ ಮಾತಿಗೆ ಮೀಸಲು. ಹಾಗಾಗಿ ಅವನು ಹೊರಡುವ ಮುಂಚೆ ಇಬ್ಬರೂ ಕೂತು ಓದಿ, ಪರೀಕ್ಷೆ ಬರೆದು ಹವ್ಯಾಸಿ (ಹ್ಯಾಮ್) ರೇಡಿಯೊದಲ್ಲಿ ಮಾತಾಡುವ ಲೈಸೆನ್ಸ್ ತಗೊಂಡಿದ್ದರು. ಅವಳಿಗೇ ಹೆಚ್ಚು ಅಂಕ ಬಂದಿತ್ತು, ಆ ಮಾತು ಬೇರೆ. ಹೊಲಿಗೆ ಯಂತ್ರದ ಪಕ್ಕಕ್ಕೆ ರೇಡಿಯೊ ಪೆಟ್ಟಿಗೆ ಬಂದು ಕೂತಿದ್ದು ಹಾಗೆ.

ಆದರೆ ಈ ರೇಡಿಯೊದಲ್ಲಿ ಒಂದು ಫಜೀತಿಯಿದೆ. ಆಡಿದ ಮಾತು ಲೋಕಕ್ಕೆಲ್ಲ ಕೇಳುತ್ತದೆ. ಬೇರೆ ಊರಿನ ಒಬ್ಬ ನಿವೃತ್ತ ಮೇಷ್ಟ್ರು ದಿನಾ ಸಂಜೆ ರೇಡಿಯೊದಲ್ಲೇ ಹವ್ಯಾಸಿಗಳ ಕೂಟ ನಡೆಸುತ್ತಿದ್ದರು. ಹತ್ತಾರು ಜನ ಕಿವಿ ನಿಮಿರಿಸಿಕೊಂಡು ಕೂತಿರುವಾಗ ಗಂಡ ಹೆಂಡತಿ ಏನು ತಾನೇ ಮಾತಾಡಿಕೊಂಡಾರು? "ನಿಮ್ಮ ದನಿ ಚೆನ್ನಾಗಿ ಬರ್ತಿದೆ, ಓವರ್." "ಇಲ್ಲಿ ಗಾಳಿ ಜೋರಾಗಿದೆ, ಓವರ್." ಮಾತು ಮುಗಿದಾಗಲೆಲ್ಲ ಓವರ್ ಅನ್ನುತ್ತಾ, ಇಬ್ಬರು ಗುಮಾಸ್ತರು ಕಡತ ದಾಟಿಸಿಕೊಂಡ ಹಾಗಿರುತ್ತಿತ್ತು ಅವರ ಸಂಸಾರ.

ಹೋದ ವರ್ಷ ಅವನು ಕೇಳಿದ್ದ, "ಹಡಗು ಬರ್ತಿದೆ. ಇನ್ನೊಂದು ವರ್ಷ ಇರು ಅಂತಿದ್ದಾರೆ. ಏನಂತೀಯ, ಓವರ್." ಬಂದ್ಬಿಡಿ ಅನ್ನೋ ಮಾತು ಅವಳ ನಾಲಗೆ ತುದಿಯಲ್ಲೇ ಇತ್ತು. ಮೇಷ್ಟ್ರು ಕೇಳಿಸಿಕೊಳ್ಳುತ್ತಾರೆ, ಯಾರ್ಯಾರೋ ಕೇಳಿಸಿಕೊಳ್ಳುತ್ತಾರೆ, ನಗುತ್ತಾರೆ. "ನಿಮ್ಮಿಷ್ಟ, ಓವರ್," ಅಂದುಬಿಟ್ಟಳು. ಅವನು ಉಳಿದುಬಿಟ್ಟ. ಆ ಹಾಳು ಮಾತನ್ನು ನೆನೆಸಿಕೊಂಡು ಅವಳು ವರ್ಷವಿಡೀ ತನ್ನನ್ನೇ ಬೈದುಕೊಂಡಳು. ಹಾಸಿಗೆಯ ಅರ್ಧಭಾಗದ ಮೇಲೆ ಗಿರಾಕಿಗಳ ಬಟ್ಟೆ ಮಡಚಿಡುವುದು ರೂಢಿಯಾಯಿತು. ಖಾಲಿ ಜಾಗ ನೋಡಲಾಗುತ್ತಿರಲಿಲ್ಲ.

ಈಗ ಮತ್ತೆ ಹಡಗು ಬರುವ ಕಾಲ. ನಾಳೆ ಬೆಳಿಗ್ಗೆ ಹತ್ತದಿದ್ದರೆ ಮತ್ತೊಂದು ವರ್ಷ. ಈ ಸಲ ಹೇಳಿಯೇ ತೀರುತ್ತೇನೆ ಅಂತ ಅವಳು ಗಟ್ಟಿ ಮನಸ್ಸು ಮಾಡಿದ್ದಳು. ಹೇಳೋದಕ್ಕೆ ರೇಡಿಯೊ ಬಿಡಬೇಕಲ್ಲ! ಸುಮಾರು ಒಂದು ತಿಂಗಳಿಂದ ಅದು ಕೊರ್ರೋ ಅಂತ ಗೋಳಾಡುತ್ತಿತ್ತು. ಎದುರು ಮನೆಯವರು ದೀಪ ಹಾಕಿದರೆ ಒಂದು ರಾಗ, ಲಿಫ್ಟು ಏರಿದರೆ ಇನ್ನೊಂದು. ಆ ಗಲಾಟೆಯಲ್ಲಿ ಗಂಡನ ದನಿ ಎಲ್ಲೋ ಮುಳುಗೇಳುತ್ತಿತ್ತು. ಇವಳು ಮಾತಾಡಿದರೆ ಆ ಕಡೆ ದ್ವೀಪದಲ್ಲಿ ಬರೀ ಗೊರಗೊರ ಕೇಳುತ್ತಿತ್ತಂತೆ, ಹತ್ತಿರವಿದ್ದ ಮೇಷ್ಟ್ರ ಕೂಟಕ್ಕೆ ಮಾತ್ರ ಹೇಗೋ ತಿಳಿಯುತ್ತಿತ್ತು. ಸಾಲದ್ದಕ್ಕೆ ಮೈಕಿನ ಲೋಹದ ಜಾಲರಿ ತುಟಿಗೆ ತಾಕಿದರೆ ಚುರ್ ಅಂತ ಸುಡುತ್ತಿತ್ತು.

"ಅರ್ಥಿಂಗ್ ಸರಿಯಾಗಿದೆಯೇನಮ್ಮ?" ಅಂತ ಮೇಷ್ಟ್ರು ಕೇಳಿದ್ದೇ ತಡ, ಕೂಟದಲ್ಲಿ ಜಗಳ ಹತ್ತಿಕೊಂಡಿತು. ನೆಲಕ್ಕೆ ತಂತಿ ಕೊಡದೆ ರೇಡಿಯೊ ಇಡೋದು ಹುಚ್ಚುತನ ಅಂತ ಅರ್ಧ ಜನ, ಮೂರನೇ ಮಹಡಿಯಿಂದ ನೆಲಕ್ಕೆ ತಂತಿ ಎಳೆದರೆ ಅದೇ ಇನ್ನೊಂದು ಆಂಟೆನಾ ಆಗುತ್ತೆ ಅಂತ ಇನ್ನರ್ಧ ಜನ. ಕೊನೆಗೆ ಮೇಷ್ಟ್ರು, "ಯಜಮಾನರಿಗೆ ಏನಾದ್ರೂ ಹೇಳ್ಬೇಕಾ? ನಾನು ದಾಟಿಸ್ತೀನಿ," ಅಂದರು. ಬಂದ್ಬಿಡಿ ಅಂತ ಮೇಷ್ಟ್ರ ಬಾಯಲ್ಲಿ ಹೇಳಿಸುವುದೇ? ಅವಳ ಕಿವಿಯೆಲ್ಲ ಬಿಸಿಯಾಯಿತು. "ಏನಿಲ್ಲ, ಚೆನ್ನಾಗಿದ್ದೀನಿ ಅಂತ ಹೇಳಿ," ಅಂದಳು.

ಅರ್ಥಿಂಗ್ ಇತ್ತು. ಅದನ್ನು ಕಟ್ಟಿದವನು ಗಂಡನೇ. ಹೊರಡುವ ಹಿಂದಿನ ದಿನ ದಪ್ಪ ತಾಮ್ರದ ತಂತಿಯನ್ನು ರೇಡಿಯೊದ ಬೆನ್ನಿನಿಂದ ಬಚ್ಚಲಿಗೆ ಎಳೆದು, ನಲ್ಲಿಯ ಕಬ್ಬಿಣದ ಪೈಪಿಗೆ ಪಟ್ಟಿ ಹಾಕಿ ಬಿಗಿದಿದ್ದ. "ಇದು ನೆಲದವರೆಗೂ ಹೋಗುತ್ತೆ. ಯಾವ ಕಾರಣಕ್ಕೂ ಬಿಚ್ಚಬೇಡ. ನಾನಿಲ್ದಾಗ ನಿನ್ನನ್ನ ಕಾಯೋದು ಇದೇ," ಅಂದಿದ್ದ. ಪಟ್ಟಿಯ ಪಕ್ಕ ತಂತಿಗೆ ಸುತ್ತಿದ ಟೇಪಿನ ಅಂಟಿನಲ್ಲಿ ಅವನ ಹೆಬ್ಬೆರಳಿನ ಗುರುತು ಇನ್ನೂ ಇತ್ತು. ಬಚ್ಚಲಿಗೆ ಹೋದಾಗಲೆಲ್ಲ ಅವಳು ಆ ಗುರುತನ್ನು ಸವರಿ ಬರುತ್ತಿದ್ದಳು. ಗಲಾಟೆ ಶುರುವಾದ ಮೇಲಂತೂ ದಿನಾ ತಾಮ್ರ ಉಜ್ಜಿದ್ದೇ ಉಜ್ಜಿದ್ದು, ಸ್ಕ್ರೂ ಬಿಗಿದಿದ್ದೇ ಬಿಗಿದಿದ್ದು. ಏನು ಮಾಡಿದರೂ ಅಷ್ಟೇ.

ಅವತ್ತು ಸಂಜೆ ಸೋರುವ ನಲ್ಲಿ ನೋಡಲು ಮೈದುನ ಬಂದ. ಕೊಳಾಯಿ ರಿಪೇರಿ ಅವನ ಕಸುಬು. ಅತ್ತಿಗೆ ತಂತಿ ಉಜ್ಜುತ್ತಾ ಕೂತಿದ್ದು ಕಂಡು ನಕ್ಕ.

"ಏನತ್ತಿಗೆ, ಅಣ್ಣ ಬರೋಷ್ಟರಲ್ಲಿ ಪೈಪ್ ಸವೆದುಹೋಗುತ್ತೆ."

"ನಗಬೇಡ ಕಣೋ. ಇದು ನೆಲಕ್ಕೆ ಹೋಗದೆ ಇದ್ರೆ ನಿಮ್ಮಣ್ಣನ ಮಾತೇ ಕೇಳ್ಸಲ್ಲ."

"ನೆಲಕ್ಕಾ? ಇದೆಲ್ಲಿ ನೆಲಕ್ಕೆ ಹೋಗುತ್ತೆ?" ಮೈದುನ ಸ್ಪ್ಯಾನರ್ ಕೆಳಗಿಟ್ಟ. "ಹೋದ ತಿಂಗಳು ಕೆಳಗಡೆಯೆಲ್ಲ ನಾನೇ ಪ್ಲಾಸ್ಟಿಕ್ ಪೈಪ್ ಹಾಕಿದ್ನಲ್ಲ. ಹಳೇ ಕಬ್ಬಿಣ ನಿಮ್ಮ ಮಹಡಿಯಲ್ಲಷ್ಟೇ ಉಳಿದಿರೋದು."

ಅವಳು ನಂಬಲಿಲ್ಲ. ಚಪ್ಪಲಿ ಮೆಟ್ಟದೆ ಕೆಳಗಿಳಿದು ಕಟ್ಟಡದ ಹಿಂದೆ ಹೋಗಿ ಕತ್ತೆತ್ತಿ ನೋಡಿದಳು. ನೆಲದಿಂದ ಬೆಳ್ಳಗಿನ ಪ್ಲಾಸ್ಟಿಕ್ ಕೊಳವೆ ಎರಡನೇ ಮಹಡಿ ದಾಟಿ ಏರಿತ್ತು. ಅದರ ಮೇಲೆ ತನ್ನ ಮನೆಯ ಮೋಟು ಕಬ್ಬಿಣ. ಗಂಟು ಹಾಕದ ದಾರದ ಹಾಗೆ ಗಂಡನ ತಂತಿ ಗಾಳಿಯಲ್ಲೇ ಕೊನೆಯಾಗಿತ್ತು. ಮನೆಮನೆಯ ಗಲಾಟೆಯನ್ನೆಲ್ಲ ಹೀರಿ ತಂದು ರೇಡಿಯೊಗೆ ಸುರಿಯುತ್ತಿದ್ದುದು ಅದೇ. ಕಾಯುತ್ತದೆ ಅಂತ ತಾನು ದಿನಾ ಉಜ್ಜಿದ್ದು ಇದನ್ನ! ಅವಳಿಗೆ ಅಲ್ಲೇ ಕೂತು ಅತ್ತುಬಿಡೋಣ ಅನಿಸಿತು.

ಮೇಲೆ ಬಂದು ಸ್ಕ್ರೂಡ್ರೈವರ್ ಹಿಡಿದಳು, ಕೈ ಬರಲಿಲ್ಲ.

"ಬಿಚ್ಚಿದ್ರೆ ಶಾಕ್ ಹೊಡೆಯಲ್ವಾ?" ಅಂದ ಮೈದುನ.

"ಶಾಕಿಗೆ ಪ್ಲಗ್ಗಿನ ಮೂರನೇ ಪಿನ್ ಇದೆ. ಗುಡುಗು ಬಂದ್ರೆ ಆಂಟೆನಾನೇ ಕಿತ್ತು ಆಚೆ ಹಾಕ್ತೀನಿ. ಇದು..." ಅವಳು ಟೇಪಿನ ಮೇಲೆ ಬೆರಳಿಟ್ಟಳು. "ಇದು ನಿಮ್ಮಣ್ಣ ಕಟ್ಟಿದ್ದು ಕಣೋ."

"ಅಣ್ಣ ಬೇಕಾ, ಅಣ್ಣನ ತಂತಿ ಬೇಕಾ?"

ಎಂಥ ಮಾತಾಡಿದ! ಅವಳು ಟೇಪನ್ನು ಹೆಬ್ಬೆರಳಿನ ಗುರುತು ಹರಿಯದ ಹಾಗೆ ಮೆಲ್ಲಗೆ ಸುಲಿದು, ಸೂಜಿ ಡಬ್ಬಿಯೊಳಗೆ ಇಟ್ಟಳು. ಆಮೇಲೆ ತಂತಿಯನ್ನು ಎರಡೂ ಕಡೆಯಿಂದ ಬಿಚ್ಚಿದಳು.

ಕೂಟದ ಹೊತ್ತಿಗೆ ರೇಡಿಯೊ ಹಚ್ಚಿದರೆ ಕೊರ್ರೋ ಇಲ್ಲ. ಸಣ್ಣಗೆ ಸುಯ್ ಅನ್ನುವ ಸದ್ದು, ಅದರಾಚೆ ಗಂಡನ ದನಿ. ಕೆಮ್ಮಿದ್ದೂ ಕೇಳಿತು. ನೆಗಡಿಯಾಗಿದೆ ಇವರಿಗೆ, ಅಂದುಕೊಂಡಳು.

"ಬೆಳಿಗ್ಗೆ ಹಡಗು. ಏನಂತೀಯ, ಓವರ್."

ಅವಳು ಮೈಕಿನ ಗುಂಡಿ ಒತ್ತಿದಳು. ಲೋಕವೆಲ್ಲ ಕೇಳಲಿ, ಕೇಳಿ ಹಾಳಾಗಲಿ. "ಬಂದ್ಬಿಡ್ರೀ. ನೀವಿಲ್ದೆ ನಂಗೆ ಆಗ್ತಿಲ್ಲ, ಓವರ್."

ದ್ವೀಪದಿಂದ ಉತ್ತರ ಬಂತು. "ಅರ್ಧಂಬರ್ಧ ಕೇಳಿಸ್ತು. ಇನ್ನೊಂದ್ಸಲ ಹೇಳು, ಓವರ್."

ಅಯ್ಯೋ ದೇವರೇ. "ಬಂದ್ಬಿಡಿ ಅಂದೆ! ನೀವಿಲ್ದೆ ಆಗ್ತಿಲ್ಲ ಅಂದೆ, ಓವರ್!"

"ಇನ್ನೊಂದ್ಸಲ, ಓವರ್."

ಅವಳು ಕಿರುಚಿದಳು. ಮೈದುನ ನಲ್ಲಿಯ ಕಡೆ ಮುಖ ತಿರುಗಿಸಿಕೊಂಡ. ಮೇಷ್ಟ್ರಿಗೆ ತಡೆಯಲಾಗಲಿಲ್ಲ, ನಡುವೆ ಬಂದರು. "ದ್ವೀಪದವರೇ, ನಮಗೆಲ್ಲ ಸ್ಪಷ್ಟವಾಗಿ ಕೇಳ್ತಿದೆಯಲ್ರೀ. ನಾನು ದಾಟಿಸ್ಲಾ?"

"ಬೇಡ ಮೇಷ್ಟ್ರೇ," ಅಂದ ಅವನು. "ನಂಗೂ ಮೊದಲನೇ ಸಲಾನೇ ಪೂರ್ತಿ ಕೇಳಿಸ್ತು. ಎರಡು ವರ್ಷದಿಂದ ಇದೊಂದು ಮಾತಿಗೆ ಕಾದಿದ್ದೆ. ಹಡಗು ಹತ್ತುತ್ತೀನಿ ಕಣೇ, ಓವರ್."

ಅವಳು ಕಣ್ಣು ಒರೆಸಿಕೊಂಡು ಗುಂಡಿ ಒತ್ತಿದಳು. "ಬಂದ್ಮೇಲೆ ಬೈಬಾರ್ದು. ನೀವು ಬಿಚ್ಚಬೇಡ ಅಂದಿದ್ದ ತಂತಿ ಬಿಚ್ಚಿಬಿಟ್ಟೆ, ಓವರ್."

"ಯಾವ ತಂತಿ ಕಣೇ?" ಅಂದ ಅವನು.