ಕಾರಡ್ಕದ ತಿರುಮಲೇಶ್ವರರಿಗೆ

ನೀರು ತುಂಬಿದ ಕೊಡಪಾನವನ್ನು ಸೊಂಟಕ್ಕೆ ಏರಿಸಿಕೊಂಡು ತಿರುಗುವಾಗ ಕಿನ್ನಿಯ ಹಿಮ್ಮಡಿಯಡಿ ಏನೋ ನಜ್ಜಾಯಿತು. ಕೂಡಲೇ ಸ್ಲೇಟಿನ ವಾಸನೆ ಬಂತು. ಬಾವಿಕಟ್ಟೆಯ ಬುಡದಲ್ಲಿ ನೀರುಕಡ್ಡಿ ಬೆಳೆದಿತ್ತು. ಎರಡನೇ ಕ್ಲಾಸಿನಲ್ಲಿ ಅದರ ದಂಟು ಮುರಿದು ಸ್ಲೇಟು ಒರೆಸುತ್ತಿದ್ದರು. ಬರೆದದ್ದು ಅಳಿಸಿಹೋದ ಮೇಲೂ ಆ ತಣ್ಣಗಿನ ಹಸಿ ವಾಸನೆ ಮಧ್ಯಾಹ್ನದ ತನಕ ಬೆರಳಲ್ಲಿ ಉಳಿಯುತ್ತಿತ್ತು. ಎಪ್ಪತ್ತನಾಲ್ಕರ ಕಿನ್ನಿ ಒಂದು ಗಳಿಗೆ ಅಲ್ಲೇ ನಿಂತಳು.

"ಅತ್ತೆ, ನಿಮಗೆ ಯಾರು ಹೇಳಿದ್ದು ನೀರು ಹೊರ್ಲಿಕ್ಕೆ? ಕೊಡಿ ಇಲ್ಲಿ."

ಗಣೇಶಪ್ರಸಾದ ಓಡಿ ಬಂದ. ಕಿನ್ನಿಯ ಗಂಡ ಲೋಕಯ್ಯ ಮಾಸ್ಟ್ರ ತಂಗಿಯ ಮಗ. ಮಕ್ಕಳಿಲ್ಲದ ಮಾವನ ಕೊನೆಯ ಕೆಲಸವೆಲ್ಲ ಈಗ ಅವನ ಪಾಲಿಗೆ ಬಂದಿತ್ತು.

"ಅವರನ್ನು ಮೀಯಿಸುವ ನೀರಲ್ವಾ? ಒಂದು ಕೊಡ ನಾನು ತರ್ತೇನೆ. ಉಳಿದದ್ದು ನೀವು ತನ್ನಿ."

ಅವನು ಮತ್ತೆ ಒತ್ತಾಯಿಸಲಿಲ್ಲ. ಮುಂದೆ ಹೋಗಿ, ದಾರಿಯಲ್ಲಿದ್ದ ಚಪ್ಪಲಿಗಳನ್ನೆಲ್ಲ ಕಾಲಿನಿಂದ ಬದಿಗೆ ಸರಿಸುತ್ತ ನಡೆದ.

ಮೀಯಿಸಿ ಆಗುವಾಗ ಹನ್ನೊಂದೂವರೆ. ಲೋಕಯ್ಯ ಮಾಸ್ಟ್ರನ್ನು ಚಾವಡಿಯಲ್ಲಿ ಬಾಳೆಲೆಯ ಮೇಲೆ ಮಲಗಿಸಿ ಬಿಳಿ ಬಟ್ಟೆ ಹೊದೆಸಿದರು. ಪಂಚಾಯತಿನ ಸ್ಮಶಾನದಲ್ಲಿ ಮೂರು ಗಂಟೆಗೆ ಸಮಯ ಸಿಕ್ಕಿತ್ತು, ಎರಡೂವರೆಗೆ ಆಂಬುಲೆನ್ಸ್. ತಲೆಯ ಹತ್ತಿರ, ತುಳಸಿ ನೀರಿನ ತಂಬಿಗೆಯ ಬದಿಯಲ್ಲಿ, ಖಾಕಿ ಕಾಗದ ಸುತ್ತಿ ಅಂಟಿಸಿದ ಒಂದು ಪುಸ್ತಕವಿತ್ತು. ಮೇಲೆ ನಡುಗುವ ಅಕ್ಷರದಲ್ಲಿ ಬರೆದಿತ್ತು: 'ಕಾರಡ್ಕದ ತಿರುಮಲೇಶ್ವರರಿಗೆ.'

"ನಾಲ್ಕು ಗ್ರೂಪಿಗೆ ಮೆಸೇಜ್ ಹಾಕಿದ್ದೇನೆ," ಎಂದ ಗಣೇಶಪ್ರಸಾದ. "ಮಾವನ ರೇಡಿಯೋ ಪಾಠಕ್ಕೆ ಕಾಗದ ಬರೀತಿದ್ದ ತಿರುಮಲೇಶ್ವರ ಎಲ್ಲಿದ್ದರೂ ಬರ್ಬೇಕು ಅಂತ."

"ಇಪ್ಪತ್ತೆರಡು ವರ್ಷ ಕಾಗದ ಬರ್ದ ಜನ, ಒಂದು ಫೋನ್ ನಂಬ್ರ ಬರೀಲಿಲ್ಲ ನೋಡು ಮಾರಾಯ," ಎಂದರು ಕಿಟ್ಟಣ್ಣ. ಮಾಸ್ಟ್ರು ಗಣಿತ ಕಲಿಸುತ್ತಿದ್ದ ಕಾಲೇಜಿನಲ್ಲೇ ಅವರು ಗುಮಾಸ್ತರಾಗಿದ್ದರು. "ಈ ಲೆಕ್ಕದವರೆಲ್ಲ ಹೀಗೆಯೇ. ಬೇಕಾದ ನಂಬ್ರ ಒಂದು ಬಿಟ್ಟು ಬಾಕಿ ಎಲ್ಲ ಇರ್ತದೆ."

ಒಂದಿಬ್ಬರು ನಕ್ಕರು. ಕಿಟ್ಟಣ್ಣನ ಕಣ್ಣು ಮಾತ್ರ ಒದ್ದೆಯಾಗಿತ್ತು. "ಆದ್ರೆ ಒಂದು ಹೇಳ್ತೇನೆ. ಆ ಪುಣ್ಯಾತ್ಮನ ಕಾಗದ ಇಲ್ಲದಿದ್ರೆ ರೇಡಿಯೋ ನಿಲಯದವರು ಮಾಸ್ಟ್ರ ಪಾಠವನ್ನು ಯಾವಾಗಲೋ ನಿಲ್ಲಿಸ್ತಿದ್ರು. ಈಗ ಕೇಳುವ ಅಂದ್ರೆ ಒಂದು ಟೇಪ್ ಸಹ ಇಲ್ಲ. ಅದರ ಮೇಲೆ ಬೇರೆ ಎಂತದೋ ರೆಕಾರ್ಡ್ ಮಾಡಿದ್ದಂತೆ."

ಕಿನ್ನಿ ಆ ಕಟ್ಟನ್ನು ನೋಡುತ್ತ ಕುಳಿತಳು. ಹತ್ತು ದಿನದ ಹಿಂದೆ ಆಸ್ಪತ್ರೆಯಲ್ಲಿ ಮಾಸ್ಟ್ರು ಅಳಿಯನನ್ನು ಹತ್ತಿರ ಕರೆದು ಹೇಳಿದ್ದರು: "ಇದು ಅವನ ಕೈಗೇ ಹೋಗ್ಬೇಕು. ಅವನು ಬಾರದಿದ್ರೆ ನನ್ನ ಎದೆ ಮೇಲೆ ಇಟ್ಟು ಕಳಿಸು. ಬೇರೆ ಯಾರೂ ಒಡೀಬಾರ್ದು." ಆಮೇಲೆ ಕಿನ್ನಿಯ ಕಡೆ ತಿರುಗಿ ಸಣ್ಣಗೆ ನಕ್ಕಿದ್ದರು. "ನೀನಂತೂ ಓದ್ಲಿಕ್ಕೆ ಹೋಗ್ಬೇಡ. ನಿನಗೆ ಬೋರ್ ಆಗ್ತದೆ."

ಕಾರಡ್ಕದ ತಿರುಮಲೇಶ್ವರ ಬರುವುದಿಲ್ಲವೆಂದು ಕಿನ್ನಿಗೊಬ್ಬಳಿಗೆ ಗೊತ್ತಿತ್ತು. ಆ ಕಾಗದಗಳನ್ನೆಲ್ಲ ಬರೆದವಳು ಅವಳೇ.

*

'ಕೇಳುವ ಗಣಿತ' ರೇಡಿಯೋದಲ್ಲಿ ಎರಡು ವಾರಕ್ಕೊಮ್ಮೆ, ಆದಿತ್ಯವಾರ ಬೆಳಿಗ್ಗೆ ಏಳೂಕಾಲಕ್ಕೆ ಬರುತ್ತಿತ್ತು. ಹದಿನೈದು ನಿಮಿಷ. ಕರಿಹಲಗೆ ಇಲ್ಲ, ಸೀಮೆಸುಣ್ಣ ಇಲ್ಲ, ಬರೀ ಬಾಯಿಮಾತಿನಲ್ಲಿ ತ್ರಿಕೋನ, ವೃತ್ತ ಎಲ್ಲವನ್ನೂ ಕಾಣಿಸಬೇಕು. ಅದಕ್ಕೆ ಮಾಸ್ಟ್ರು ಒಂದು ಕ್ರಮ ಮಾಡಿಕೊಂಡಿದ್ದರು. ಕಿನ್ನಿ ಅವರಿಗೆ ಬೆನ್ನು ಹಾಕಿ, ಸ್ಲೇಟು ಹಿಡಿದು ಕೂರಬೇಕು. ಅವರು ಪಾಠ ಓದಬೇಕು, ಅವಳು ಕೇಳಿದ್ದನ್ನು ಬಿಡಿಸಬೇಕು. ಚಿತ್ರ ತಪ್ಪಿದರೆ ತಪ್ಪು ಪಾಠದ್ದು.

"ಕಣ್ಣು ಮುಚ್ಚಿ. ನಿಮ್ಮ ಎದುರು ಒಂದು ಗದ್ದೆ ಉಂಟು ಅಂತ ಇಟ್ಟುಕೊಳ್ಳಿ," ಎಂದು ಶುರುಮಾಡುತ್ತಿದ್ದರು. ಚಿತ್ರ ಸರಿಯಾಗಿ ಬಂದ ದಿನ ಮಕ್ಕಳ ಹಾಗೆ ಕೈ ತಟ್ಟುತ್ತಿದ್ದರು. "ನಿನಗೆ ಗಣಿತದ ಗಂಧಗಾಳಿ ಇಲ್ಲ ಕಿನ್ನಿ. ಅದೇ ನಿನ್ನ ದೊಡ್ಡ ಗುಣ. ನಿನಗೆ ತಿಳಿದ್ರೆ ಊರಿಗೇ ತಿಳೀತದೆ."

ಕಿನ್ನಿ ಕನ್ನಡ ಬಿ.ಎ. ಓದಿದವಳು. ಮೊದಲ ಒಂದೆರಡು ತಿಂಗಳು ಅವರು ಹೇಳಿದ್ದು ನಿಜವಾಗಿತ್ತು. ಆಮೇಲೆ ಅವರು ಕಾಲೇಜಿಗೆ ಹೋದ ಮೇಲೆ ಕಪಾಟಿನ ಪುಸ್ತಕಗಳನ್ನು ಒಂದೊಂದಾಗಿ ತೆಗೆದು ಓದತೊಡಗಿದಳು. ನಾಲ್ಕೂವರೆಯ ಬಸ್ಸಿಗೆ ಮೊದಲು ಅವು ಇದ್ದಲ್ಲಿಗೇ ಹೋಗುತ್ತಿದ್ದವು. ತಿಳಿಯುತ್ತದೆ ಎಂದು ಬಾಯಿ ಬಿಟ್ಟರೆ ಸ್ಲೇಟಿನ ಕೆಲಸ ಹೋಗುತ್ತಿತ್ತು. ಅವರಿಗೆ ಬೆನ್ನು ಹಾಕಿ ಕುಳಿತು ಅವರ ಧ್ವನಿ ಕೇಳುವ ಆ ಒಂದು ಗಂಟೆ ಹೋಗುತ್ತಿತ್ತು. ಅದಕ್ಕೆ ಅವಳು ನಡುನಡುವೆ ಬೇಕೆಂದೇ ಒಂದು ಗೆರೆ ತಪ್ಪಿಸುತ್ತಿದ್ದಳು, ಆಕಳಿಸುತ್ತಿದ್ದಳು.

ಪಾಠ ಶುರುವಾಗಿ ಆರು ತಿಂಗಳಾಗುವಾಗ ನಿಲಯದಿಂದ ಪತ್ರ ಬಂತು. ಕೇಳುಗರಿಂದ ಒಂದು ಕಾಗದವೂ ಇಲ್ಲ, ಇನ್ನು ಮೂರು ತಿಂಗಳು ನೋಡಿ ನಿಲ್ಲಿಸುತ್ತೇವೆ ಎಂದು. ಮಾಸ್ಟ್ರು ಆ ದಿನ ಊಟ ಮಾಡಲಿಲ್ಲ. "ನಾನು ಗೋಡೆಗೆ ಮಾತಾಡ್ತಾ ಇದ್ದದ್ದಾ?" ಎಂದು ಮಾತ್ರ ಕೇಳಿದರು.

ಮರುದಿನ ಕಿನ್ನಿ ಅಡಿಗೆಮನೆಯಲ್ಲಿ ಕುಂಬಳಕಾಯಿಯ ಮೇಲೆ ಮಸಿಯಿಂದ ಒಂದು ತ್ರಿಕೋನ ಎಳೆದಳು. ಎಡಗೈಯಲ್ಲಿ ಕಾಗದ ಬರೆದಳು: ತ್ರಿಕೋನದ ಮೂರು ಕೋನ ಕೂಡಿದರೆ ನೂರ ಎಂಬತ್ತು ಎಂದಿರಿ, ನಾನು ಕುಂಬಳಕಾಯಿಯ ಮೇಲೆ ಅಳೆದೆ, ಹೆಚ್ಚು ಬರುತ್ತದೆ, ನಿಮ್ಮ ಪಾಠ ತಪ್ಪೋ ನನ್ನ ಕುಂಬಳಕಾಯಿ ತಪ್ಪೋ? ಪೋಸ್ಟಾಫೀಸಿನ ಮುದ್ರೆ ತಮ್ಮ ಊರು ಕುಂಬಳೆಯದ್ದಾದರೆ ಸಂಶಯ ಬರುತ್ತದೆಂದು, ದೂರದ ನೆಂಟರ ಮನೆಯ ನೆಪ ಹೇಳಿ ಕಾರಡ್ಕಕ್ಕೆ ಬಸ್ಸು ಹತ್ತಿದಳು. ಹೆಸರು ಹಾಕಿರಲಿಲ್ಲ. ಪೋಸ್ಟಾಫೀಸಿನ ಎದುರು ಒಂದು ಬೋರ್ಡು ಕಂಡಿತು: ತಿರುಮಲೇಶ್ವರ ಟೈಲರ್. ಅದನ್ನೇ ಬರೆದಳು.

ಕುಂಬಳಕಾಯಿಯ ಮೇಲೆ ಮೂರು ಪಾಠ ಬಂದವು. "ಕಾರಡ್ಕದ ತಿರುಮಲೇಶ್ವರರೇ, ತಪ್ಪು ನಿಮ್ಮದೂ ಅಲ್ಲ, ನನ್ನದೂ ಅಲ್ಲ," ಎಂದು ಮಾಸ್ಟ್ರು ರೇಡಿಯೋದಲ್ಲಿ ಹೇಳುವಾಗ ಅವರ ಧ್ವನಿಯ ಪ್ರಾಯ ಹತ್ತು ವರ್ಷ ಇಳಿದಿತ್ತು. ಕುಂಬಳಕಾಯಿ ಅಷ್ಟರಲ್ಲಿ ಸಾಂಬಾರಾಗಿತ್ತು.

ಆಮೇಲೆ ಮೀಂಜದಿಂದ ಒಬ್ಬ ಟೀಚರು, ಪುತ್ತಿಗೆಯಿಂದ ಒಬ್ಬ ವಿದ್ಯಾರ್ಥಿನಿ. ಎಲ್ಲ ಕಡೆಗೂ ಬಸ್ಸಿತ್ತು. ನಿಜವಾಗಿ ಬಂದ ಕಾಗದಗಳು ಅಷ್ಟು ವರ್ಷದಲ್ಲಿ ಹನ್ನೊಂದು, ಅದರಲ್ಲಿ ಆರು ಸಿನಿಮಾ ಹಾಡು ಕೇಳಿ ಬರೆದದ್ದು. ಮಾಸ್ಟ್ರು ಮನಸ್ಸು ಕೊಟ್ಟದ್ದು ಮಾತ್ರ ತಿರುಮಲೇಶ್ವರನಿಗೆ. "ಅವನು ಎದುರು ಸಿಕ್ಕಿದ್ರೆ ಒಂದು ರಾತ್ರಿ ಇಡೀ ಮಾತಾಡ್ತಿದ್ದೆ," ಎನ್ನುತ್ತಿದ್ದರು, ಎದುರು ಕುಳಿತು ಬೆಂಡೆಕಾಯಿ ಹೆಚ್ಚುವವಳಿಗೆ.

ಕೊನೆಯ ಕಾಗದದಲ್ಲಿ ಅವಳು ಕೇಳಿದ್ದು ಇದು: ಒಂದು, ಎರಡು, ಮೂರು ಎಂದು ಮುಗಿಯದೆ ಹೋಗುವ ಸಾಲಿನಿಂದ ಒಂದೇ ಒಂದು ಸಂಖ್ಯೆಯನ್ನು ತೆಗೆದುಬಿಟ್ಟರೆ, ಉಳಿದದ್ದು ಕಡಿಮೆಯಾಗುತ್ತದೆಯೇ? ಅದಕ್ಕೆ ಮಾಸ್ಟ್ರು ಉತ್ತರ ಹೇಳುವ ಮೊದಲೇ ನಿಲಯದಿಂದ ಎರಡು ಸಾಲಿನ ಪತ್ರ ಬಂದು ಕಾರ್ಯಕ್ರಮ ನಿಂತಿತು. ಹೋದ ವರ್ಷ, ಕೈ ನಡುಗಲು ಶುರುವಾದ ಮೇಲೆ, ಮಾಸ್ಟ್ರು ಒಂದು ನೋಟುಪುಸ್ತಕ ತೆಗೆದು ಆ ಉತ್ತರ ಬರೆಯಲು ಕುಳಿತರು. ಕಿನ್ನಿಯನ್ನು ಸ್ಲೇಟು ಹಿಡಿದು ಕೂರಲು ಕರೆಯಲಿಲ್ಲ.

ಉತ್ತರ ಅವಳಿಗೆ ಪುಸ್ತಕದಿಂದ ಗೊತ್ತಿತ್ತು. ಅವರು ಅದನ್ನು ಹೇಗೆ ಹೇಳುತ್ತಾರೆ ಎಂಬುದು ಗೊತ್ತಿರಲಿಲ್ಲ.

*

ಎರಡು ಗಂಟೆ ಹೊಡೆದಾಗ ಕಿನ್ನಿ ಗಣೇಶಪ್ರಸಾದನನ್ನು ಒಳಕೋಣೆಗೆ ಕರೆದಳು. ಹೇಳಿಬಿಡಬೇಕು. ಹೇಳಿದರೆ ಪುಸ್ತಕ ಉಳಿಯುತ್ತದೆ, ಆದರೆ ಮಾಸ್ಟ್ರ ಕೇಳುಗ ಇಲ್ಲವಾಗುತ್ತಾನೆ. ಬೆಳಗಿನಿಂದ ಕಿಟ್ಟಣ್ಣ ಬಂದವರಿಗೆಲ್ಲ ಹೇಳುತ್ತಿದ್ದದ್ದು ಆ ಕೇಳುಗನ ಕತೆಯೊಂದನ್ನೇ. ಹೇಳದಿದ್ದರೆ ಪುಸ್ತಕ ಅವರ ಜೊತೆ ಹೋಗುತ್ತದೆ.

"ಗಣೇಶ, ಆ ತಿರುಮಲೇಶ್ವರ ಇದ್ದಾನಲ್ಲ…"

ಅಂಗಳದಲ್ಲಿ ಆಟೋ ನಿಂತ ಶಬ್ದ. "ಬಂದ್ರು! ಕಾರಡ್ಕದವರು ಬಂದ್ರು!" ಎಂದು ಕಿಟ್ಟಣ್ಣ ಕೂಗಿದರು.

ಎಪ್ಪತ್ತರ ಆಸುಪಾಸಿನ ತೆಳ್ಳಗಿನ ಮನುಷ್ಯ. ಅವಸರದಲ್ಲಿ ಹೊರಟು ಬಂದಿರಬೇಕು, ಅಳತೆಯ ಟೇಪು ಕುತ್ತಿಗೆಯಲ್ಲೇ ಇತ್ತು. ಚಾವಡಿಯಲ್ಲಿದ್ದವರೆಲ್ಲ ಎದ್ದು ನಿಂತರು. ಗಣೇಶಪ್ರಸಾದ ಹೋಗಿ ಅವರ ಎರಡೂ ಕೈ ಹಿಡಿದುಕೊಂಡ. ಆ ಮನುಷ್ಯ ಗಾಬರಿಯಾಗಿ ಎಲ್ಲರ ಮುಖ ನೋಡಿದರು. "ಅಮ್ಮನ ಹತ್ರ ಒಂದು ಮಾತು ಹೇಳ್ಲಿಕ್ಕುಂಟು," ಎಂದರು.

ಅಡಿಗೆಮನೆಯಲ್ಲಿ ಒಲೆ ಆರಿತ್ತು. ಅವರು ಬಾಗಿಲ ಬಳಿಯೇ ನಿಂತರು.

"ಅಮ್ಮ, ತಪ್ಪು ತಿಳೀಬಾರ್ದು. ಆ ಕಾಗದ ನಾನು ಬರ್ದದ್ದಲ್ಲ."

ಕಿನ್ನಿ ಒಂದು ಮಣೆಯನ್ನು ಅವರ ಕಡೆಗೆ ಸರಿಸಿದಳು.

"ಯಾರೋ ನನ್ನ ಹೆಸರು ಹಾಕಿ ಬರ್ದಿದ್ದಾರೆ. ಊರಿನವರು ನನ್ನನ್ನು ಹಿಡ್ಕೊಂಡ್ರು. ಎಂತ ಟೈಲರೇ, ಈಗ ಕುಂಬಳಕಾಯಿಗೂ ಅಂಗಿ ಹೊಲೀತೀರಾ ಅಂತ ಕೇಳುದು."

"ನಿಮಗೆ ಬೇಜಾರಾಗಿರ್ಬೇಕು."

"ಸುರುವಿಗೆ ಆಯ್ತು. ಮತ್ತೆ ಆದಿತ್ಯವಾರ ನಾನೇ ರೇಡಿಯೋ ಇಡ್ಲಿಕ್ಕೆ ಸುರು ಮಾಡಿದೆ. ಕಾರಡ್ಕದ ತಿರುಮಲೇಶ್ವರರೇ ಅಂತ ಮಾಸ್ಟ್ರು ಎಷ್ಟು ಮರ್ಯಾದೆಯಲ್ಲಿ ಕರೀತಿದ್ರು! ನನ್ನನ್ನು ಹಾಗೆ ಕರ್ದವರು ಬೇರೆ ಯಾರೂ ಇಲ್ಲ ಅಮ್ಮ. ಅದಕ್ಕೇ ಒಂದು ಸಲ ಮುಖ ನೋಡುವ ಅಂತ ಬಂದದ್ದು."

"ಪಾಠ?" ಎಂದಳು ಕಿನ್ನಿ. "ಪಾಠ ಕೇಳ್ತಿದ್ರಾ?"

ಅವರು ತಲೆ ತಗ್ಗಿಸಿದರು. "ಸತ್ತ ಮನೆಯಲ್ಲಿ ಸುಳ್ಳು ಹೇಳುದಿಲ್ಲ. ಹೆಸರು ಹೇಳಿ ಆದ ಕೂಡ್ಲೇ ನಾನು ಮಿಶಿನು ತುಳೀಲಿಕ್ಕೆ ಕೂರ್ತಿದ್ದೆ. ಆ ಶಬ್ದಕ್ಕೆ ಮತ್ತೆ ಎಂತದೂ ಕೇಳ್ತಿರ್ಲಿಲ್ಲ."

ಹೊರಗೆ ಕಿಟ್ಟಣ್ಣ ಯಾರಿಗೋ ಕುಂಬಳಕಾಯಿಯ ಕತೆ ಹೇಳುತ್ತಿದ್ದರು.

"ಯಾರು ಬರ್ದದ್ದು ಅಂತ ನಿಮಗೆ ಗೊತ್ತುಂಟಾ ಅಮ್ಮ?"

"ಇಲ್ಲ," ಎಂದಳು. ಆಮೇಲೆ ಒಂದು ಹೆಜ್ಜೆ ಹತ್ತಿರ ಬಂದಳು. "ಒಂದು ಉಪಕಾರ ಮಾಡಿ. ಇದನ್ನು ಹೊರಗೆ ಹೇಳ್ಬೇಡಿ. ಇವತ್ತಿಗೆ ಅದು ನೀವೇ ಅಂತ ಆಗ್ಲಿ. ಆ ಪುಸ್ತಕ ತಗೊಳ್ಳಿ. ತಗೊಂಡು, ಮತ್ತೆ…"

"ಅತ್ತೆ, ಆಂಬುಲೆನ್ಸ್ ಬಂತು. ತಡ ಮಾಡ್ಲಿಕ್ಕಾಗುದಿಲ್ಲ." ಗಣೇಶಪ್ರಸಾದ ಒಳಗೆ ಬಂದು ಟೈಲರ್‌ನ ತೋಳು ಹಿಡಿದ. ಅವರು ಕಿನ್ನಿಯ ಕಡೆ ನೋಡಿ, ಅರ್ಥವಾಯಿತು ಎಂಬಂತೆ ತಲೆಯಾಡಿಸಿದರು.

ಒಬ್ಬೊಬ್ಬರಾಗಿ ಮಾಸ್ಟ್ರ ಬಾಯಿಗೆ ತುಳಸಿ ನೀರು ಬಿಟ್ಟರು. ಕೊನೆಯಲ್ಲಿ ತಿರುಮಲೇಶ್ವರ. ಗಣೇಶಪ್ರಸಾದ ಕಟ್ಟನ್ನು ಎತ್ತಿ ಅವರ ಕೈಗೆ ಕೊಟ್ಟ. ಅವರು ಅದನ್ನು ಕಣ್ಣಿಗೆ ಒತ್ತಿಕೊಂಡರು. ತನ್ನದಲ್ಲದ ವಸ್ತುವನ್ನು ಮನೆಗೆ ಒಯ್ಯಲು ಅವರಿಗೆ ಮನಸ್ಸು ಬರಲಿಲ್ಲ. ಬಗ್ಗಿ, ಮಾಸ್ಟ್ರ ಜೋಡಿಸಿದ ಕೈಗಳನ್ನು ಮೆಲ್ಲನೆ ಎತ್ತಿ, ಅದನ್ನು ಎದೆಯ ಮೇಲೆ ಇಟ್ಟು, ಕೈಗಳನ್ನು ಮೊದಲಿನ ಹಾಗೆ ಜೋಡಿಸಿದರು.

"ಮಾಸ್ಟ್ರದ್ದು ಮಾಸ್ಟ್ರ ಹತ್ರವೇ ಇರ್ಲಿ," ಎಂದರು.

ಹೆಂಗಸರು ಬಿಕ್ಕಿದರು. ಯಾರೋ ಫೋನಿನಲ್ಲಿ ಫೋಟೋ ತೆಗೆದರು. "ಕೇಳುಗ ಅಂದ್ರೆ ಇವರು," ಎಂದು ಕಿಟ್ಟಣ್ಣ ಮೂಗೊರೆಸಿಕೊಂಡರು. ತಿರುಮಲೇಶ್ವರ ಕಿನ್ನಿಯ ಕಡೆ ನೋಡಿದರು, ಮಾಡಿದ್ದು ಸರಿಯಾಯಿತಲ್ಲ ಎಂದು ಕೇಳುವ ಹಾಗೆ. ಅವರ ಕಣ್ಣಲ್ಲಿ ಅಷ್ಟು ಒಳ್ಳೆಯತನವಿತ್ತು.

ಕಟ್ಟು ಒಂದು ಗೇಣು ದೂರದಲ್ಲಿತ್ತು. ಕಿನ್ನಿ ಕೈ ಚಾಚಿದಳು. ಆ ಕೈ ಬಿಳಿ ಬಟ್ಟೆಯ ಮಡಚಿದ ಅಂಚನ್ನು ಸರಿಮಾಡಿ ಹಿಂದಕ್ಕೆ ಬಂತು.

"ಎತ್ತಿ," ಎಂದ ಗಣೇಶಪ್ರಸಾದ.

*

ಗಂಡಸರು ಸ್ಮಶಾನಕ್ಕೆ ಹೋದರು. ಸತ್ತ ಮನೆಯಿಂದ ಹೊರಡುವಾಗ ಬರುತ್ತೇನೆ ಎಂದು ಹೇಳುವ ಕ್ರಮವಿಲ್ಲ. ಟೈಲರ್ ಏನೂ ಹೇಳದೆ ಆಟೋ ಹತ್ತಿದರು. ಹೆಂಗಸರು ಚಾವಡಿ ತೊಳೆದು ಒಬ್ಬೊಬ್ಬರಾಗಿ ಮೀಯಲು ಮನೆಗೆ ನಡೆದರು.

ಕಿನ್ನಿ ಹಿತ್ತಿಲ ಮೆಟ್ಟಿಲಲ್ಲಿ ಕುಳಿತಳು. ಒಳಗಿನ ಗಡಿಯಾರದಲ್ಲಿ ಮೂರೂಕಾಲು. ಗೋಡೆಗೆ ಬೆನ್ನು ಹಾಕಿ ಕಣ್ಣು ಮುಚ್ಚಿದಳು. ಅವರು ಹೇಗೆ ಶುರುಮಾಡಿರಬಹುದು? ಕಣ್ಣು ಮುಚ್ಚಿ ತಿರುಮಲೇಶ್ವರರೇ, ನಿಮ್ಮ ಎದುರು ಒಂದು ಉದ್ದದ ಸಾಲು ಉಂಟು ಅಂತ ಇಟ್ಟುಕೊಳ್ಳಿ. ಇಷ್ಟು ಅವರ ಧ್ವನಿಯಲ್ಲೇ ಬಂತು. ಎರಡನೆಯ ವಾಕ್ಯಕ್ಕೆ ಕಾದಳು. ತನಗೆ ತಿಳಿದ ಉತ್ತರ ಬಂತು, ಪುಸ್ತಕದಲ್ಲಿ ಇದ್ದ ಹಾಗೆ, ಅಚ್ಚಿನ ಅಕ್ಷರದಲ್ಲಿ. ಧ್ವನಿ ಬರಲಿಲ್ಲ. ಮೊದಲಿನಿಂದ ಶುರುಮಾಡಿದಳು. ಮತ್ತೆ ಅಲ್ಲಿಗೇ ನಿಂತಿತು. ಮೂರನೆಯ ಸಲ ಮೊದಲ ವಾಕ್ಯವೂ ಅವಳದೇ ಧ್ವನಿಯಲ್ಲಿ ಕೇಳಿಸಿತು.

ಬೇಲಿಯ ಗೇಟು ಸದ್ದಾಯಿತು. ಆಚೆ ಮನೆಯ ಸೊಸೆ ದೀಕ್ಷಿತಾ. ಒಂದು ಕೈಯಲ್ಲಿ ಗಂಜಿಯ ಪಾತ್ರೆ, ಇನ್ನೊಂದರಲ್ಲಿ ಫೋನು. ಫೋನು ಮತ್ತೆ ಮತ್ತೆ ಸಣ್ಣಗೆ ಸದ್ದು ಮಾಡುತ್ತಿತ್ತು. ಪರದೆಯ ಮೇಲೆ ಮಾಸ್ಟ್ರ ಎದೆ, ಜೋಡಿಸಿದ ಕೈ, ಖಾಕಿ ಕಟ್ಟು. ಕೆಳಗೆ ಮುಗಿದ ಕೈಗಳ ಚಿತ್ರಗಳ ಸಾಲು. ಕಿನ್ನಿಯ ದೃಷ್ಟಿ ಅಲ್ಲಿ ನಿಂತದ್ದು ಕಂಡು ಅವಳು ಫೋನನ್ನು ಮೆಟ್ಟಿಲಿನ ಮೇಲೆ ಕವುಚಿ ಇಟ್ಟಳು. ಪಾತ್ರೆಯ ಮುಚ್ಚಳ ತೆಗೆದು, ಗಂಜಿಯನ್ನು ಒಂದು ಸಲ ಕದಡಿ, ಚಮಚದ ಹಿಡಿಯನ್ನು ಕಿನ್ನಿಯ ಕಡೆಗೆ ತಿರುಗಿಸಿ ಅವಳ ಕೈಗೆ ಕೊಟ್ಟಳು.