ಒಂಬತ್ತು ಸಾವಿರದ ಸಾಲುಗಳು

ಚನ್ನಗಿರಿಯ ಹೈಸ್ಕೂಲಿನ ಗಣಿತದ ಟೀಚರು ಸರ್ವಮಂಗಳಮ್ಮನಿಗೆ ಇಪ್ಪತ್ತೊಂಬತ್ತು ತುಂಬಿತ್ತು, ಮದುವೆಯಾಗಿರಲಿಲ್ಲ. ಊರಿನವರ ಬಾಯಿಗೆ ಇಷ್ಟು ಸಾಕಲ್ಲ? ನೋಡಲು ಬಂದ ಗಂಡುಗಳಲ್ಲಿ ಇಬ್ಬರು ಅವಳನ್ನು ಬೇಡವೆಂದಿದ್ದರು, ಮೂವರನ್ನು ಅವಳೇ ಬೇಡವೆಂದಿದ್ದಳು. ಜನ ನೆನಪಿಟ್ಟುಕೊಂಡದ್ದು ಆ ಮೂವರನ್ನು ಮಾತ್ರ. "ಲೆಕ್ಕದ ಟೀಚರು, ಗಂಡನ್ನೂ ಲೆಕ್ಕ ಹಾಕಿ ನೋಡ್ತಾಳೆ" ಎಂದು ಆಡಿಕೊಳ್ಳುತ್ತಿದ್ದರು. ಅವಳು ಕೇಳಿಸಿಕೊಂಡೂ ಕೇಳಿಸದವಳಂತೆ ಕೊಡೆ ಬಿಚ್ಚಿ ನಡೆದುಬಿಡುತ್ತಿದ್ದಳು.

ಎಂಬತ್ತೈದರಲ್ಲಿ ಸರ್ಕಾರ ಅಲ್ಲೊಂದು ಇಲ್ಲೊಂದು ಶಾಲೆಗೆ ಕಂಪ್ಯೂಟರು ಕೊಟ್ಟಿತು. ಕಂಪ್ಯೂಟರೆಂದರೆ ಏನು ಮಹಾ, ಒಂದು ಕೀಲಿಮಣೆ, ಒಂದು ಟೀವಿ, ಹಾಡು ಕೇಳುವಂಥದೇ ಒಂದು ಟೇಪ್‌ರೆಕಾರ್ಡರು. ಬರೆದದ್ದನ್ನು ಕ್ಯಾಸೆಟ್ಟಿಗೆ ತುಂಬಿಟ್ಟುಕೊಳ್ಳಬೇಕು. ಅಷ್ಟರೊಳಗೆ ಕರೆಂಟು ಹೋಯಿತೋ, ಬರೆದದ್ದೆಲ್ಲ ಹೋಯಿತು. ತರಬೇತಿಗೆ ಹೋದಾಗ ಹೊನ್ನಾಳಿಯ ಬಸವರಾಜಪ್ಪ, ನ್ಯಾಮತಿಯ ಜುಂಜಪ್ಪ, ಜಗಳೂರಿನ ಮರುಳಪ್ಪ ಎಂಬ ಮೂವರು ಮೇಷ್ಟ್ರುಗಳ ಪರಿಚಯವಾಯಿತು. ಆ ಯಂತ್ರಕ್ಕೋ ಕನ್ನಡ ಬಾರದು. ಮಕ್ಕಳು ತಮ್ಮ ಹೆಸರನ್ನೂ ಇಂಗ್ಲಿಷಿನಲ್ಲೇ ಹೊಡೆಯಬೇಕು. ಇದೆಂಥ ದರಿದ್ರ ಎಂದು ನಾಲ್ವರೂ ಸೇರಿ ಟೀವಿಯ ಮೇಲೆ ಕನ್ನಡ ಅಕ್ಷರ ಮೂಡಿಸುವ ಪ್ರೋಗ್ರಾಮು ಬರೆಯಲು ಕೂತರು.

ಅದು ಒಬ್ಬರ ಸ್ವತ್ತಲ್ಲ. ಕೇಳಿದ ಶಾಲೆಗೆ ಪುಕ್ಕಟೆ ಕೊಡುವುದು, ತಪ್ಪು ಕಂಡವರು ತಿದ್ದುವುದು. ತಿದ್ದಿದವರು ತಮ್ಮ ಕ್ಯಾಸೆಟ್ಟನ್ನು ಬಸ್ ಕಂಡಕ್ಟರ ಕೈಲಿ ಚನ್ನಗಿರಿಗೆ ಕಳಿಸುತ್ತಿದ್ದರು. ಸರ್ವಮಂಗಳಮ್ಮ ಒಂದೊಂದು ತಿದ್ದುಪಡಿಯನ್ನೂ ಓಡಿಸಿ ನೋಡಿ, ಸರಿಯಿದ್ದರೆ ಸೇರಿಸಿ, ಹೊಸ ಪ್ರೋಗ್ರಾಮನ್ನು ಮೂವರ ಕ್ಯಾಸೆಟ್ಟಿಗೂ ತುಂಬಿ ವಾಪಸು ಕಳಿಸುವಳು. ಸರಿಯಿಲ್ಲದಿದ್ದರೆ ಮುಲಾಜಿಲ್ಲ. ಜುಂಜಪ್ಪ ಬರೆದ ‘ಋ’ ನಾಲ್ಕು ಸಲ ನ್ಯಾಮತಿಗೆ ತಿರುಗಿ ಹೋಗಿತ್ತು. "ಪರೀಕ್ಷೆ ಪೇಪರ್ ತಿದ್ದಿದಂಗೆ ತಿದ್ತೀರಲ್ರೀ ತಾಯಿ" ಎಂದು ಅವನು ಗೋಳಾಡಿದ್ದ.

ಪ್ರೋಗ್ರಾಮಿನ ಪ್ರತಿ ಸಾಲಿಗೂ ಒಂದು ನಂಬರು. ಏನು ತಿದ್ದಿದೆ, ಯಾಕೆ ತಿದ್ದಿದೆ ಎಂಬ ಟಿಪ್ಪಣಿಯನ್ನು ಒಂಬತ್ತು ಸಾವಿರದಿಂದಾಚೆಯ ಸಾಲುಗಳಲ್ಲಿ ಬರೆಯಬೇಕೆಂದು ಕಟ್ಟಳೆ ಮಾಡಿಕೊಂಡಿದ್ದರು. ಆ ಸಾಲುಗಳನ್ನು ಯಂತ್ರ ಲೆಕ್ಕಕ್ಕಿಡದೆ ದಾಟಿಹೋಗುತ್ತದೆ. ಅವು ಮನುಷ್ಯರು ಓದುವುದಕ್ಕೆ ಮಾತ್ರ. ಮಿಕ್ಕಿಬ್ಬರದು ‘ಒತ್ತಕ್ಷರ ಸರಿಪಡಿಸಿದೆ’ ಎಂಬಂಥ ಒಂದು ಸಾಲು, ಮುಗಿಯಿತು. ಮರುಳಪ್ಪನದು ಹಾಗಲ್ಲ. ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಕುಟ್ಟಿ, "ಊಟ ಆಯ್ತೇನ್ರಿ ಟೀಚರ್" ಎಂದು ಶುರು ಮಾಡಿದನೆಂದರೆ ಜಗಳೂರಿನ ಬಿಸಿಲು, ಅಕ್ಕನ ಮನೆಯ ಎಮ್ಮೆ, ಆಯುಧಪೂಜೆಗೆ ಹೆಡ್ಮಾಸ್ಟರು ಕಂಪ್ಯೂಟರಿಗೆ ಕುಂಬಳಕಾಯಿ ಒಡೆಸಿದ್ದು, ಎಲ್ಲ ಬರುತ್ತಿತ್ತು.

ಅವಳೂ ಅವನ ಕ್ಯಾಸೆಟ್ಟಿನಲ್ಲಿ ಮಾತ್ರ ಎರಡು ಸಾಲು ಉತ್ತರ ಬರೆಯುತ್ತಿದ್ದಳು. ಬೇರೆಯವರದಕ್ಕೆ ತುಂಬುವ ಮುಂಚೆ ಅಳಿಸಿಬಿಡುತ್ತಿದ್ದಳು. ಜಗಳೂರಿನ ಕ್ಯಾಸೆಟ್ಟು ಬಂದ ದಿನ ಸ್ಟಾಫ್ ರೂಮಿನಲ್ಲಿ ಅವಳು ಕಾಣುತ್ತಿರಲಿಲ್ಲ. ಇಷ್ಟವಿತ್ತೇ ಎಂದರೆ, ಇತ್ತು. ಸುಳ್ಳು ಯಾಕೆ ಹೇಳಬೇಕು? ಒಂದು ವರ್ಷದಿಂದ ಇತ್ತು. ಹೆಣ್ಣಾಗಿ ತಾನೇ ಮೊದಲು ಬಾಯಿ ಬಿಡುವುದು ಹೇಗೆ, ಅವನೇ ಕೇಳಲಿ ಎಂದು ಕಾಯುತ್ತಿದ್ದಳು.

ಎಂಬತ್ತೇಳರ ಫೆಬ್ರವರಿಯಲ್ಲಿ ಒಂದು ದಿನ ಜಿಲ್ಲೆಯ ಸಾಹೇಬರು ಶಾಲೆ ನೋಡಲು ಬರುವವರಿದ್ದರು. ಮೂರು ಗಂಟೆಗೆ ಅವರ ಮುಂದೆ ಕನ್ನಡ ಅಕ್ಷರ ಮೂಡಿಸಬೇಕು. ಬೆಳಗಿನಿಂದ ಕರೆಂಟಿಲ್ಲ. ಬಂದಾಗ ಎರಡೂವರೆ. ಹಿಂದಿನ ದಿನ ತಲುಪಿದ್ದ ಮರುಳಪ್ಪನ ಕ್ಯಾಸೆಟ್ಟನ್ನು ಯಂತ್ರಕ್ಕೆ ಓದಿಸಿ, ಅದಕ್ಕೆ ಜುಂಜಪ್ಪನ ತಿದ್ದುಪಡಿಯನ್ನು ಹೊಡೆಯುತ್ತ ಹೋದಳು. ಇನ್ನು ಹತ್ತು ಸಾಲಿದೆ ಎನ್ನುವಾಗ ಯಂತ್ರ ಜಾಗವಿಲ್ಲ ಎಂದುಬಿಟ್ಟಿತು. ಆ ಕಾಲದ ಯಂತ್ರದ ಹೊಟ್ಟೆಯಾದರೂ ಎಷ್ಟು! ಹೊರಗೆ ಪ್ಯೂನ್ ಪಾಪಣ್ಣ, "ಜೀಪು ಬಂತ್ರೀ ಅಮ್ಮಾರೆ, ಜೀಪು ಬಂತು" ಎಂದು ಬಡಕೊಳ್ಳುತ್ತಿದ್ದ.

ಒಂಬತ್ತು ಸಾವಿರದಿಂದಾಚೆಯದನ್ನೆಲ್ಲ ಅಳಿಸು ಎಂದು ಒಂದೇ ಆಜ್ಞೆ ಕೊಟ್ಟಳು. ಕೊಟ್ಟ ಮೇಲೆ, ಅಯ್ಯೋ, ಮರುಳಪ್ಪನವರದನ್ನು ಓದಲೇ ಇಲ್ಲವಲ್ಲ ಅನ್ನಿಸಿತು. ಕ್ಯಾಸೆಟ್ಟಿನಲ್ಲಿ ಇದ್ದೇ ಇದೆಯಲ್ಲ, ಸಾಹೇಬರು ಹೋದ ಮೇಲೆ ಓದಿದರಾಯಿತು ಎಂದುಕೊಂಡು ಉಳಿದ ಹತ್ತು ಸಾಲು ಹೊಡೆದಳು. ಅಷ್ಟರಲ್ಲಿ ದೀಪ ಎರಡು ಸಲ ಮಿಣುಕಿತು. ಈಗ ಕರೆಂಟು ಹೋದರೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ. ರೆಕಾರ್ಡರಿನಲ್ಲಿದ್ದದ್ದು ಮರುಳಪ್ಪನ ಕ್ಯಾಸೆಟ್ಟು. ಬೇರೆಯದನ್ನು ಹುಡುಕಲು ಪುರುಸೊತ್ತಿಲ್ಲ. ಹಿಂದಕ್ಕೆ ಸುತ್ತಿ ಅದರ ಮೇಲೆಯೇ ತುಂಬಿಬಿಟ್ಟಳು. ಅವನು ಬರೆದದ್ದು ಅಲ್ಲಿಗೆ ಅಳಿಸಿಹೋಯಿತು. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಹಿರಿಯರು ಸುಮ್ಮನೆ ಹೇಳಿದರೇ? ‘ಏನು ಬರೆದಿರುತ್ತಾರೆ, ಎಮ್ಮೆ ಕರು ಹಾಕಿರುತ್ತೆ’ ಎಂದು ಸಮಾಧಾನ ಮಾಡಿಕೊಂಡಳು. ಸಾಹೇಬರು ಟೀವಿಯ ಮೇಲೆ ತಮ್ಮ ಹೆಸರನ್ನು ಕನ್ನಡದಲ್ಲಿ ನೋಡಿ ಚಪ್ಪಾಳೆ ತಟ್ಟಿ ಹೋದರು.

ಮಾರನೆಯ ದಿನ ಹೊಸದನ್ನು ಮೂವರ ಕ್ಯಾಸೆಟ್ಟಿಗೂ ತುಂಬಿದಳು. ಒಂಬತ್ತು ಸಾವಿರದ ಸಾಲಿನಲ್ಲಿ, ‘ಜಾಗ ಸಾಲದು, ಇನ್ನು ಮುಂದೆ ಯಾರೂ ಇಲ್ಲಿ ಏನನ್ನೂ ಬರೆಯಬೇಡಿ’ ಎಂದು ಹಾಕಿ ಬಸ್ಸಿಗೆ ಕೊಟ್ಟಳು. ನಿಮ್ಮ ಸಾಲುಗಳನ್ನು ಓದಲಾಗಲಿಲ್ಲ, ಏನು ಬರೆದಿದ್ದಿರಿ ಎಂದು ಮರುಳಪ್ಪನಿಗೊಂದು ಮಾತು ಕೇಳಬಹುದಿತ್ತು. ಕಟ್ಟಳೆ ಮಾಡಿದವಳೇ ಮುರಿದರೆ ಹೇಗೆಂದು ಕೇಳಲಿಲ್ಲ. ನೋಡಿ, ಎಂಥ ಶಿಸ್ತು! ಬೆಂಕಿ ಬೀಳಲಿ ಆ ಶಿಸ್ತಿಗೆ.

ಆಮೇಲೆ ಜಗಳೂರಿನಿಂದ ಬಂದ ಕ್ಯಾಸೆಟ್ಟುಗಳಲ್ಲಿ ತಿದ್ದುಪಡಿಗಳಿದ್ದವು, ಒಂದೊಂದೂ ಚೊಕ್ಕಟ, ತಪ್ಪು ಹುಡುಕಿದರೂ ಸಿಗದು. ಮಾತು ಮಾತ್ರ ಒಂದಕ್ಷರವಿಲ್ಲ. ಹೇಳಿದ ಹಾಗೆ ಕೇಳುತ್ತಿದ್ದಾರೆ, ಪಾಪ, ಎಂದುಕೊಂಡಳು. ಮೂರನೆಯ ಕ್ಯಾಸೆಟ್ಟು ಬರುವಷ್ಟರಲ್ಲಿ ಅವಳಿಗೆ ತಡೆಯದಾಯಿತು. ಪ್ರೋಗ್ರಾಮನ್ನು ಅಲ್ಲಲ್ಲಿ ಮೊಟಕು ಮಾಡುತ್ತ ಹದಿನೈದು ದಿನ ಕೂತು, ನಲವತ್ತು ಸಾಲಿಗಾಗುವಷ್ಟು ಜಾಗ ಉಳಿಸಿದಳು. ಈಗ ಬರೆಯಬಹುದು, ಬರೆಯಿರಿ ಎಂದು ಹೇಳಿ ಕಳಿಸಬೇಕೆಂದಿದ್ದ ವಾರವೇ ಅಂಚೆಯಲ್ಲಿ ಲಗ್ನಪತ್ರಿಕೆ ಬಂತು. ಮರುಳಪ್ಪನಿಗೆ ಮದುವೆ.

ಎರಡು ದಿನ ಹೊಟ್ಟೆನೋವೆಂದು ರಜೆ ಹಾಕಿ ಅತ್ತಳು. ಅವನಿಗೆ ತನ್ನ ಮೇಲೆ ಏನೂ ಇರಲಿಲ್ಲ, ಊಟ ಆಯ್ತೇ ಎಂದು ಎಲ್ಲರನ್ನೂ ಕೇಳುವ ಮನುಷ್ಯ, ತಾನೇ ಹುಚ್ಚಿ ಎಂದು ತೀರ್ಮಾನಿಸಿಕೊಂಡಳು. ಹೋಗದಿದ್ದರೆ ಬಸವರಾಜಪ್ಪ, ಜುಂಜಪ್ಪ ಏನೆಂದುಕೊಂಡಾರು ಎಂದು ಮದುವೆಗೆ ಹೋದಳು.

ಮುಹೂರ್ತ ಮುಗಿದು ಊಟದ ಪಂಕ್ತಿ ಕೂತಿತ್ತು. ತುಪ್ಪ ಬಡಿಸುತ್ತ ಬಂದ ಹೆಂಗಸು ಇವಳ ಎಲೆಯ ಮುಂದೆ ನಿಂತಳು.

"ಚನ್ನಗಿರಿ ಕಂಪ್ಯೂಟರ್ ಟೀಚರು ನೀವೇ ಏನ್ರಿ?"

"ಹೌದ್ರಿ."

"ನಾನು ಸಿದ್ದಲಿಂಗಮ್ಮ, ಮರುಳಪ್ಪನ ಅಕ್ಕ." ಅವಳು ತುಪ್ಪದ ಮಿಳ್ಳೆ ಕೆಳಗಿಟ್ಟು ಕುಕ್ಕರಗಾಲಿನಲ್ಲಿ ಕೂತು ದನಿ ತಗ್ಗಿಸಿದಳು. "ನಿಮ್ಮನ್ನ ಕೇಳಾಕೆ ಚನ್ನಗಿರಿಗೆ ಬರಾಕೆ ಅಂತ ನಾನು ಸೀರೆ ತೆಗೆದಿಟ್ಕಂಡಿದ್ದೆ ಕಣ್ರೀ. ತಡಿಯಕ್ಕಾ, ಮೊದ್ಲು ಅವರ ಮನಸ್ಸು ಹೆಂಗೈತೆ ಕೇಳ್ತೀನಿ ಅಂದ. ಕಾಗದ ಬರಿಯಪ್ಪ ಅಂದೆ. ಶಾಲಿಗೆ ಹೋದ ಕಾಗದನ ಹತ್ತು ಜನ ಒಡೀತಾರೆ, ಕ್ಯಾಸೆಟ್ನಾಗೆ ಬರೆದ್ರೆ ಅವರೊಬ್ರೇ ಓದೋದು ಅಂದ. ಅದೇನ್ ಬರೆದ್ನೋ, ಎರಡು ದಿನ ಕುಂತು ಬರೆದ. ನೀವು ಅಷ್ಟೂ ಅಳಿಸಿ, ಇನ್ಮ್ಯಾಲೆ ಬರೀಬ್ಯಾಡ್ರಿ ಅಂತ ಕಳಿಸಿದ್ರಂತೆ. ಒಂದ್ ವಾರ ಅನ್ನ ಮುಟ್ಲಿಲ್ಲ ನನ್ ತಮ್ಮ."

ಓದಿಲ್ಲ ಕಣ್ರೀ, ನಾನು ಓದಲೇ ಇಲ್ಲ ಎಂಬ ಕೂಗು ಸರ್ವಮಂಗಳಮ್ಮನ ಬಾಯಿಗೆ ಬಂದುಬಿಟ್ಟಿತ್ತು. ತಾನು ವರ್ಷದಿಂದ ಕಾದ ಮಾತನ್ನು ಅವನು ಕೇಳಿದ್ದ, ತಾನೇ ತನ್ನ ಕೈಯಾರ ಅದನ್ನು ಇಲ್ಲವಾಗಿಸಿದ್ದಳು. ಚಪ್ಪರದ ಆ ತುದಿಯಲ್ಲಿ ಮರುಳಪ್ಪ ಹಸೆಯ ಮೇಲೆ ಕೂತಿದ್ದ. ಪಕ್ಕದಲ್ಲಿ ಒಂದು ಗಂಟೆಯ ಹಿಂದೆ ತಾಳಿ ಕಟ್ಟಿಸಿಕೊಂಡ ಹುಡುಗಿ ತಲೆ ತಗ್ಗಿಸಿ ಅರಿಶಿನದ ಕೈ ನೋಡಿಕೊಳ್ಳುತ್ತಿದ್ದಳು. ಅವಳಿಗೆ ಇಪ್ಪತ್ತೋ ಇಪ್ಪತ್ತೊಂದೋ ಇರಬೇಕು.

"ಒಂದ್ ಮಾತು ಹೇಳ್ರಿ," ಎಂದಳು ಸಿದ್ದಲಿಂಗಮ್ಮ. "ನನ್ ತಮ್ಮನಾಗೆ ಏನ್ ಕಮ್ಮಿ ಇತ್ತು? ಇವತ್ತಿಗೂ ಅದನ್ನೇ ಕೇಳ್ತಾನೆ ಅವನು."

ಇಲ್ಲಿ ಹೇಳಿದ್ದು ಇವತ್ತೋ ನಾಳೆಯೋ ಅವನ ಕಿವಿಗೆ ಹೋಗುತ್ತದೆ ಎಂದು ಸರ್ವಮಂಗಳಮ್ಮನಿಗೆ ಗೊತ್ತಿತ್ತು. ನಿಜ ಹೋದರೆ ಆ ಹುಡುಗಿಯ ಗತಿ ಏನು ಎಂಬುದೂ ಗೊತ್ತಿತ್ತು.

"ಏನೂ ಕಮ್ಮಿ ಇರ್ಲಿಲ್ರಿ," ಎಂದಳು. "ನಂಗೇ ಮನಸ್ಸಿರ್ಲಿಲ್ಲ."

ಸಿದ್ದಲಿಂಗಮ್ಮನ ಮುಖ ಬಿಗಿಯಿತು. "ಹಂಗೋ. ಹಂಗಾರೆ ಒಳ್ಳೇದೇ ಆತು ಬಿಡ್ರಿ, ಮನಸ್ಸಿಲ್ದೋರನ್ನ ಕಟ್ಕಂಡು ಏನ್ ಮಾಡೋದು." ಎದ್ದು, ಅನ್ನದ ಮೇಲೆ ತುಪ್ಪ ಬಿಟ್ಟು, ಮುಂದಿನ ಎಲೆಗೆ ಹೋದಳು.

ಸರ್ವಮಂಗಳಮ್ಮ ತಲೆ ತಗ್ಗಿಸಿ ಉಣ್ಣತೊಡಗಿದಳು. ತುತ್ತಿನ ಮೇಲೆ ತುತ್ತು ನುಂಗಿದಳು. ಎಲೆಯಲ್ಲಿ ಬಿಟ್ಟು ಎದ್ದರೆ ಯಾಕ್ರೀ, ಏನಾಯ್ತ್ರೀ ಎಂದು ಯಾರಾದರೂ ಕೇಳುತ್ತಾರೆ ಎಂದು, ಬಡಿಸಿದ್ದಷ್ಟನ್ನೂ ಉಂಡು ಮುಗಿಸಿದಳು.